ಕೀ ಕೇಳಿದವಳು

ಜೂನ್ ತಿಂಗಳ ಕೊನೆಯ ಶನಿವಾರ. ಬ್ಲೇರ್ ಅಥಾಲ್‌ನ ರಮಾಕಾಂತ್ ಮನೆಯಲ್ಲಿ ಅಂದು ಬಾರ್ಬಿ, ಅಂದರೆ ಬಾರ್ಬೆಕ್ಯೂ, ಎಂದು ಹದಿನೈದು ದಿನ ಮೊದಲೇ ವಾಟ್ಸ್ಯಾಪಿನಲ್ಲಿ ತೀರ್ಮಾನವಾಗಿತ್ತು. ಅಡಿಲೇಡಿನ ಚಳಿಗಾಲದ ಮಳೆಗೆ ಮಾತ್ರ ಆ ಗ್ರೂಪಿನಲ್ಲಿ ಜಾಗವಿರಲಿಲ್ಲ. ಮಧ್ಯಾಹ್ನ ಎರಡಕ್ಕೆ ಹಿಡಿದದ್ದು ನಾಲ್ಕಾದರೂ ಬಿಡಲಿಲ್ಲ. ಹಿತ್ತಲಿನ ಒಲೆ ನೆನೆಯುತ್ತ ಉಳಿಯಿತು. ಪನೀರು, ಜೋಳದ ತೆನೆ, ಮಡಿಚುವ ಕುರ್ಚಿಗಳ ಸಮೇತ ಮಂದಿಯೆಲ್ಲ ಗರಾಜಿಗೆ ಬಂದರು. ರಮಾಕಾಂತನ ಹೆಂಡತಿ ಇಂದುಮತಿ ಕಾರನ್ನು ರಸ್ತೆಗೆ ಸಾಗಿಸಿ ನೆಲಕ್ಕೆ ಜಮಖಾನ ಹಾಸಿದಳು. ಗಾಳಿ ಆಡಬೇಕು, ಎರಚಲು ಬರಬಾರದು ಎಂದು ರಮಾಕಾಂತ್ ಗರಾಜಿನ ತಗಡಿನ ರೋಲರ್ ಬಾಗಿಲನ್ನು ನೆಲದಿಂದ ಮೊಣಕಾಲೆತ್ತರಕ್ಕೆ ತಂದು ನಿಲ್ಲಿಸಿದ. ಹೀಗಾಗಿ ಹೊರಗೆ ಯಾರು ಬಂದರೂ ಒಳಗಿದ್ದವರಿಗೆ ಮೊದಲು ಕಾಣುತ್ತಿದ್ದುದು ಅವರ ಕಾಲು. ಕಾಲು ನೋಡಿ ಹೆಸರು ಹೇಳುವುದು ಒಂದು ಆಟವೇ ಆಯಿತು.

ಕೊನೆಗೆ ಬಂದ ಒದ್ದೆ ಬೂಟನ್ನು ನೋಡಿ ರಮಾಕಾಂತನ ಗೆಳೆಯ ವರುಣ್, “ಮಾಲವಿಕಾ” ಎಂದ. ಸರಿಯಾಗಿತ್ತು. ಅವಳು ಬಗ್ಗಿ ಒಳಗೆ ಬಂದು, ಲ್ಯಾಪ್‌ಟಾಪಿನ ಬ್ಯಾಗನ್ನು ಮಳೆ ತಾಗದ ಕಡೆ ಇಟ್ಟು, ಶಕುಂತಲಾ ಆಂಟಿಯ ಪಕ್ಕದಲ್ಲಿ ಕುಳಿತಳು.

ಶಕುಂತಲಾ ಆಂಟಿ ರಮಾಕಾಂತನ ತಾಯಿ. ಮೈಸೂರಿನವರು, ಎಪ್ಪತ್ತೆಂಟು ವರ್ಷ. ಬೆಂಗಳೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಮೂವತ್ತೊಂದು ವರ್ಷ ಭಾಷಾಂತರಕಾರರಾಗಿದ್ದವರು. ಊರಿನ ಕನ್ನಡದವರು ಯಾರೂ ಅವರಿಗೆ ತೋರಿಸದೆ ಗೃಹಪ್ರವೇಶದ ಕರೆಯೋಲೆಯನ್ನೂ ಕಳಿಸುತ್ತಿರಲಿಲ್ಲ. ತೋರಿಸಿದರೆ ಬೈಗುಳ ಗ್ಯಾರಂಟಿ, ಜೊತೆಗೆ ಒಂದು ಲೋಟ ಕಾಫಿ.

“ಬ್ಯಾಗಿನ ಹಿಡಿಗೆ ಏನೇ ಅದು ಬೆಳ್ಳಗೆ? ರಂಗೋಲಿ ಹಾಕಿ ಬಂದ್ಯಾ?”

ಮಾಲವಿಕಾ ನೋಡಿದಳು. ತನ್ನ ಬಾಡಿಗೆ ಯೂನಿಟ್ಟಿನ ಬಾಗಿಲ ಹಿಡಿಯಿಂದ ಅಂಟಿರಬೇಕು, ಮೂರು ದಿನದಿಂದ ಒರೆಸಿದಷ್ಟೂ ಬರುತ್ತಿದೆ, ಏಜೆಂಟು ಹೇಳದೆ ಕೇಳದೆ ಪೇಂಟ್ ಮಾಡಿಸುತ್ತಿದ್ದಾನೆ ಎಂದಳು. ಆಂಟಿ ಆ ಹಿಡಿಯನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಸೊಸೆಗೆ ಇನ್ನೊಂದು ಸುತ್ತು ಕಾಫಿ ತರಲು ಹೇಳಿದರು.

ಮಾಲವಿಕಾಗೆ ಆ ಕಾಫಿಗಿಂತ ಆಂಟಿಯ ಕಿವಿ ಬೇಕಾಗಿತ್ತು. ಸಾಫ್ಟ್‌ವೇರ್ ಕಂಪನಿಗಳಿಗೆ ಕೈಪಿಡಿ ಬರೆದುಕೊಂಡಿದ್ದವಳು ಈ ವರ್ಷ ಆರು ತಿಂಗಳ ಬೇರೊಂದು ಕೆಲಸ ಒಪ್ಪಿದ್ದಳು: ಹಂಗೇರಿಯ ಒಂದು ಊರಿನಿಂದ ಆಸ್ಟ್ರೇಲಿಯಕ್ಕೆ ಬಂದವರ ಕ್ಲಬ್ಬಿಗೆ ಆ ಊರಿನ ಚರಿತ್ರೆಯ ಪುಸ್ತಕ. ಊರಿನ ಹೆಸರನ್ನು ಅವಳು ಅಲ್ಲಿ ಹೇಳಿದಳು. ಇಲ್ಲಿ ಬರೆಯುವುದು ಬೇಡ. ಸೋಮವಾರ ಬೆಳಿಗ್ಗೆ ಪುಸ್ತಕ ಮುದ್ರಣಕ್ಕೆ ಹೋಗಬೇಕು. ಮುಖಪುಟದ ಮೇಲೆ ಅವಳ ಹೆಸರು ಬರುವುದು ಇದೇ ಮೊದಲು.

ಇಡೀ ಪುಸ್ತಕದಲ್ಲಿ ಜಗಳವಿದ್ದದ್ದು ಒಂದೇ ಪುಟಕ್ಕೆ, ಯುದ್ಧಕಾಲದ ಪುಟಕ್ಕೆ. ಪರ್ತ್‌ನಿಂದ ಒಬ್ಬ ಹಿರಿಯರು ವಾರಕ್ಕೆರಡು ಸಲ ಫೋನ್ ಮಾಡುತ್ತಿದ್ದರು: ಯಹೂದಿಗಳಿಗೆ ಆದದ್ದೆಲ್ಲ ಜರ್ಮನ್ನರ ಕೆಲಸ, ನಮ್ಮೂರಿಗೆ ಕೆಟ್ಟ ಹೆಸರು ಬೇಡ, ನಮ್ಮ ತಾತನನ್ನು ರಷ್ಯದವರು ಹೊತ್ತೊಯ್ದದ್ದನ್ನು ಬರೆಯಿರಿ. ಬ್ರಿಸ್ಬೇನಿನಿಂದ ತೊಂಬತ್ತು ದಾಟಿದ ಒಬ್ಬ ಅಜ್ಜಿ ಬರೆಯುತ್ತಿದ್ದರು: ಜರ್ಮನ್ನರಿಗೆ ನಮ್ಮ ಬೀದಿಯ ದಾರಿ ಗೊತ್ತಿರಲಿಲ್ಲ ಮಗು, ನನ್ನ ತಾಯಿಯ ಮನೆ ತೋರಿಸಿದ್ದು ಯಾರು, ಸಾಯುವ ಮುಂಚೆ ಒಂದು ನೇರ ವಾಕ್ಯ ಓದಬೇಕು. ಕ್ಲಬ್ಬಿನವರು ಮಾಲವಿಕಾಗೆ, ಇಬ್ಬರಿಗೂ ನೋವಾಗದ ಹಾಗೆ ಫೇರ್ ಆಗಿ ಬರೆ ಎಂದಿದ್ದರು.

ಬರೆದಿದ್ದೇನೆ ಎಂದು ಅವಳು ಲ್ಯಾಪ್‌ಟಾಪ್ ತೆರೆದು, ಇಂಗ್ಲಿಷಿನ ವಾಕ್ಯವನ್ನು ಕನ್ನಡಕ್ಕೆ ತಿರುಗಿಸಿ ಓದಿದಳು. ‘೧೯೪೪ರ ಜೂನ್ ತಿಂಗಳಲ್ಲಿ ಊರಿನ ಯಹೂದಿ ಕುಟುಂಬಗಳನ್ನು ಅವರ ಮನೆಗಳಿಂದ ಕರೆದೊಯ್ಯಲಾಯಿತು.’

ವರುಣ್ ಬ್ಯಾಲೆನ್ಸ್ ಚೆನ್ನಾಗಿದೆ ಎಂದ. ಆಂಟಿ ಮುಂದಿನ ವಾಕ್ಯ ಓದು ಎಂದರು. ‘ಅದೇ ವರ್ಷದ ಚಳಿಗಾಲದಲ್ಲಿ ರಷ್ಯದ ಸೈನಿಕರು ಊರಿನ ನೂರಾರು ಗಂಡಸರನ್ನು ಬಲವಂತದ ದುಡಿಮೆಯ ಶಿಬಿರಗಳಿಗೆ ಕರೆದೊಯ್ದರು.’

“ಎರಡನೇ ವಾಕ್ಯದಲ್ಲಿ ಕರೆದೊಯ್ದೋರು ಇದಾರೆ,” ಎಂದರು ಆಂಟಿ. “ಮೊದಲನೇದ್ರಲ್ಲಿ ಯಾರೂ ಇಲ್ಲ. ಏನೇ ಮಾಲವಿಕಾ, ಆ ಜನ ತಾವೇ ಎದ್ದು ಹೋದ್ರಾ? ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಿದೆಯಲ್ಲೇ.”

ಮಾಲವಿಕಾಗೆ ಕಿವಿ ಬಿಸಿಯಾಯಿತು. ಆ ವಾಕ್ಯ ತನ್ನದಲ್ಲ, ತೀರಿಹೋದ ಒಬ್ಬ ಹಿರಿಯರ ಟೈಪಾದ ಪ್ರತಿ ಕ್ಲಬ್ಬಿನಲ್ಲಿತ್ತು, ಅದರಲ್ಲಿ ಹೀಗೇ ಇತ್ತು, ತಾನು ಇದ್ದದ್ದನ್ನು ಇದ್ದ ಹಾಗೆ ಉಳಿಸಿದೆ ಎಂದಳು.

ಆಂಟಿ ಕಾಫಿ ಲೋಟವನ್ನು ನೆಲಕ್ಕಿಟ್ಟರು. “ಗೊತ್ತು ಕಣೇ. ಆ ವಾಕ್ಯ ನಂದು.”

ಹೊರಗೆ ಮಳೆ ತಗಡಿನ ಮೇಲೆ ಜೋರಾಗಿ ಬಿತ್ತು. ಐದು ಗಂಟೆಗೇ ಬೆಳಕು ಇಳಿಯುತ್ತಿತ್ತು. ಆಂಟಿ ಶಾಲನ್ನು ಎಳೆದು ಹೊದ್ದುಕೊಂಡರು. ಅವರು ಹೀಗೆ ಹೊದ್ದುಕೊಂಡರೆ ಕತೆ ಬರುತ್ತದೆ ಎಂದು ಎಲ್ಲರಿಗೂ ಗೊತ್ತು. ಕುರ್ಚಿಗಳು ಹತ್ತಿರ ಸರಿದವು.

“ಕೂತ್ಕೊಳ್ರೋ ಎಲ್ಲ. ಅದಿತಿ, ಆ ಫೋನ್ ಕೆಳಗಿಡು. ದೆವ್ವ ಅಂದ್ರೆ ನಿಮಗೆಲ್ಲ ಬಿಳೀ ಸೀರೆ, ಹಿಂದುಮುಂದಾದ ಪಾದ, ಹುಣಸೇಮರ... ಅಲ್ವಾ? ನಾನು ನೋಡಿದೋಳು ಹೂವಿನ ಫ್ರಾಕ್ ಹಾಕ್ಕೊಂಡಿದ್ಲು. ಹಾಡಹಗಲು, ಮೂರು ಗಂಟೆಗೆ, ಮಾಡ್ಬರಿ ಮನೆ ಮುಂಬಾಗಿಲಿಗೆ ಬಂದು ಮರ್ಯಾದಸ್ತರ ಹಾಗೆ ಬಾಗಿಲು ತಟ್ಟಿದ್ಲು. ನಗೋದಿದ್ರೆ ಈಗ್ಲೇ ನಕ್ಕುಬಿಡಿ, ಆಮೇಲೆ ಆಗಲ್ಲ...

“ಎರಡು ಸಾವಿರದ ಹದಿನಾರು, ಇದೇ ಜೂನ್ ತಿಂಗಳು. ಆಗ ನಮ್ಮ ರಮಾಕಾಂತ ಇದೇ ಅಡಿಲೇಡಿನ ಮಾಡ್ಬರೀಲಿ ಬಾಡಿಗೆಗಿದ್ದ. ಪಕ್ಕದ್ಮನೇಲಿ ಗೇಜಾ ಅಂತ ಒಬ್ಬ ಮುದುಕ, ಹಂಗೇರಿಯೋನು, ಎಂಬತ್ತಾರು ವರ್ಷ, ಒಬ್ಬನೇ. ಅಷ್ಟು ದೊಡ್ಡೋರನ್ನ ಏಕವಚನದಲ್ಲಿ ಕರೀತಿದೀನಿ ಅಂತ ನನ್ನ ಮುಖ ನೋಡ್ಬೇಡಿ. ಮಾಡ್ದ, ಮಾಡಿದ್ರು... ಇವೆರಡರ ವ್ಯತ್ಯಾಸದ ಮೇಲೇ ಈ ಕತೆ ನಿಂತಿದೆ, ಅದಕ್ಕೇ. ಹಿತ್ಲ ತುಂಬ ಮೆಣಸಿನಕಾಯಿ ಬೆಳ್ದಿದ್ದ, ನಮ್ಮ ಬ್ಯಾಡಗಿ ಥರಾನೇ, ಬಣ್ಣ ಜಾಸ್ತಿ ಖಾರ ಕಮ್ಮಿ. ಅವನು ಮೆಣಸಿನಕಾಯಿ ಕೊಟ್ಟ, ನಾನು ಕರಿಬೇವಿನ ಸಸಿ ಕೊಟ್ಟೆ. ಸ್ನೇಹ ಆಯ್ತು. ಒಂಟಿ ಮನುಷ್ಯ, ಎಲ್ಲಾದ್ರೂ ಬಿದ್ದುಗಿದ್ದು ಹೋದ್ರೆ ಅಂತ ಅವನ ಮನೆ ಕೀ ಒಂದನ್ನ ನಮ್ಮ ಅಡುಗೇಮನೆ ಮೊಳೇಲಿ ತಂದು ನೇತುಹಾಕಿದ್ದ. ಆ ಕೀ ಜ್ಞಾಪಕ ಇಟ್ಕೊಳ್ಳಿ.

“ಅವನು ಕ್ಲಬ್ಬಿಗೆ ಅಂತ ತನ್ನೂರಿನ ಚರಿತ್ರೆ ಬರೀತಿದ್ದ. ಇಂಗ್ಲಿಷ್ ಅಷ್ಟಕ್ಕಷ್ಟೆ. ನಾನು ಟ್ರಾನ್ಸ್‌ಲೇಟರ್ ಆಗಿದ್ದೋಳು ಅಂತ ಗೊತ್ತಾದ್ದೇ ತಡ, ನೋಟ್‌ಬುಕ್ ಹಿಡ್ಕೊಂಡು ಬಂದೇಬಿಟ್ಟ. ದಿನಾ ಆರ್ವೋ, ಅಂದ್ರೆ ಮಧ್ಯಾಹ್ನದ ಹೊತ್ತಿಗೆ, ನಮ್ಮ ಊಟದ ಮೇಜು. ಅವನು ತನ್ನ ಭಾಷೇಲಿ ಓದಿ ಹರುಕುಮುರುಕು ಇಂಗ್ಲಿಷಲ್ಲಿ ಹೇಳೋನು, ನಾನು ನೆಟ್ಟಗೆ ಮಾಡಿ ಟೈಪ್ ಹೊಡೆಯೋಳು. ನನ್ನ ನೆಟ್ಟಗೆ ಅಂದ್ರೆ ಏನು ಗೊತ್ತಲ್ಲ? ಸರ್ಕಾರಿ ನೆಟ್ಟಗೆ. ಲಾಗಿದೆ, ಲಾಯಿತು, ಲಾಗುವುದು... ಈ ಮೂರು ಅಕ್ಕತಂಗೀರು ಮೂವತ್ತೊಂದು ವರ್ಷ ನನಗೆ ಅನ್ನ ಹಾಕಿದೋರು. ಜಮೀನು ವಶಪಡಿಸಿಕೊಳ್ಳಲಾಗಿದೆ. ಗುಡಿಸಲು ತೆರವುಗೊಳಿಸಲಾಯಿತು. ಪರಿಹಾರ ನೀಡಲಾಗುವುದು. ವಶಪಡಿಸ್ಕೊಂಡೋರು ಯಾರು, ಕೆಡವಿದೋರು ಯಾರು, ಕೊಡೋರು ಯಾರು? ಯಾರೂ ಇಲ್ಲ. ಮನೇಲಿ ಯಾರಾದ್ರೂ ಹೀಗೆ ಮಾತಾಡ್ತಾರೇನ್ರೋ? ‘ಹಾಲು ಕುಡಿಯಲಾಯಿತು’ ಅಂದ್ರೆ ನಮ್ಮ ಇಂದುಮತಿ ಬಿಡ್ತಾಳಾ, ಯಾವನು ಕುಡಿದ ಅಂತ ಒಬ್ಬೊಬ್ಬರ ಮೀಸೆ ನೋಡ್ಕೊಂಡು ಬರಲ್ವಾ?”

ಎಲ್ಲರೂ ನಕ್ಕರು. ಆಂಟಿ ನಗಲಿಲ್ಲ.

“ಜೂನ್ ತಿಂಗಳ ಅಧ್ಯಾಯ ಬಂತು. ನೋಟ್‌ಬುಕ್ಕಲ್ಲಿ ಒಂದೇ ಪದ ಇತ್ತು. ಅವನ ಭಾಷೇನೂ ನಮ್ಮ ಥರಾನೇ ಅಂತೆ, ಮಾಡಿದೋರು ಕ್ರಿಯಾಪದದ ಬಾಲದಲ್ಲೇ ಕೂತಿರ್ತಾರೆ. ‘ಕರ್ಕೊಂಡ್ಹೋದ್ರು’ ಅಂತ ಬರೆದಿದ್ದ. ಇಂಗ್ಲಿಷಿಗೆ ಬಾಲ ಸಾಲ್ದು ಮಾರಾಯ, ತಲೆ ಬೇಕು, ಯಾರು ಕರ್ಕೊಂಡ್ಹೋದ್ರು ಅಂತ ಕೇಳ್ದೆ. ಸುಮ್ನೆ ಕೆಲಸದ ಮೇಲೆ ಕೇಳಿದ್ದು ನಾನು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ, ಮುದುಕನ ಕಿವಿವರೆಗೂ ಕೆಂಪಾಯ್ತು. ಜರ್ಮನ್ರು ಅಂದ. ಆಮೇಲೆ ಪೋಲೀಸ್ರು ಅಂದ. ಆಮೇಲೆ, ಕ್ಲಬ್ಬಲ್ಲಿ ಎರಡು ಪಾರ್ಟಿ ಇದೆ ಶಕೂ, ಯಾರಿಗೂ ನೋಯದ ಹಾಗೆ ಫೇರ್ ಆಗಿ ಬರಿ ಅಂದ. ಹಾವೂ ಸಾಯ್ಬಾರ್ದು, ಕೋಲೂ ಮುರೀಬಾರ್ದು... ಅದು ನನಗೆ ನೀರು ಕುಡಿದಷ್ಟು ಸುಲಭ ಅಲ್ವೇ? ಮನಸ್ಸಲ್ಲೇ ‘ಲಾಯಿತು’ ಅಂದ್ಕೊಂಡೆ, ಅದನ್ನೇ ಇಂಗ್ಲಿಷಲ್ಲಿ ಹೊಡ್ದೆ. ಮುದುಕ ನನ್ನ ಕೈ ಹಿಡ್ಕೊಂಡು ಥ್ಯಾಂಕ್ಸ್ ಹೇಳ್ದ. ನನಗೂ ಹೆಮ್ಮೆಯಾಯ್ತು, ಸುಳ್ಳು ಯಾಕೆ ಹೇಳ್ಲಿ.

“ಮಾರನೇ ದಿನ ಜಡಿಮಳೆ, ಇವತ್ತಿನ ಥರಾನೇ. ಗೇಜಾ ಡಾಕ್ಟರ ಹತ್ರ ಹೋಗಿದ್ದ. ನಾನೊಬ್ಳೇ ಮನೇಲಿ, ಒಲೆ ಮೇಲೆ ಸಾರು. ಬಾಗಿಲು ತಟ್ಟಿದ್ರು. ತೆಗೆದ್ರೆ ಒಬ್ಬ ಹೆಂಗಸು, ನಲವತ್ತೈದು ಇರಬಹುದು. ತೆಳೂ ಹತ್ತಿ ಫ್ರಾಕು, ಪುಟ್ಟ ನೀಲಿ ಹೂವು, ಬೇಸಿಗೇಲಿ ಹಾಕ್ಕೊಳ್ತಾರಲ್ಲ ಅಂಥದ್ದು. ಕಾಲಿಗೆ ಬಾರು ಚಪ್ಪಲಿ. ಮೊಣಕೈವರೆಗೆ ತೋಳು ಮಡಿಸಿದ್ಲು, ಎರಡೂ ಕೈಗೆ ಹಿಟ್ಟು. ಪಾಪ, ಹಿಟ್ಟು ನಾದ್ತಿದ್ದೋಳು ಯಾವುದಕ್ಕೋ ಹೊರಗೆ ಬಂದು ಬಾಗಿಲು ಹಾಕ್ಕೊಂಡ್ಬಿಟ್ಟಿದೆ ಅಂದ್ಕೊಂಡೆ. ಇಲ್ಲಿ ಬಾಗಿಲು ಗೊತ್ತಲ್ಲ, ಗಾಳಿಗೆ ದಬ್ ಅಂದ್ರೆ ಮುಗೀತು. ಅವಳು ನನ್ನ ಮುಖ ನೋಡಿ ಕೇಳಿದ್ದು ಒಂದೇ ಮಾತು... ‘ಕೀ?’

“ನಾವು ಮೈಸೂರಿನೋರು ಯಾರಾದ್ರೂ ಬೀಗದ ಕೈ ಅಂತೀವಾ ಹೇಳಿ? ಕೀ ಅಂತ್ಲೇ ಅಲ್ವೇ? ಯಾವ ಕೀ ಅಮ್ಮ, ಗೇಜಾ ಮನೇದಾ ಅಂತ ಕೇಳ್ದೆ. ಗೇಜಾ ಅಂದದ್ದೇ ತಡ ಅವಳ ಮುಖ ಅರಳ್ತು. ಅರಳ್ತು ಕಣ್ರೋ... ಮನೆ ಮಗು ಹೆಸರು ಕೇಳಿದ ಹಾಗೆ. ಓ, ಇವನ ನೆಂಟಳು ಅಂತ ತೀರ್ಮಾನ ಮಾಡ್ದೆ. ಮತ್ತೆ ಕೈ ಚಾಚಿದ್ಲು, ಮತ್ತೆ ‘ಕೀ?’ ಅಂದ್ಲು. ಮೊಳೆಯಿಂದ ಕೀ ತೆಗೆದು ಆ ಹಿಟ್ಟಿನ ಅಂಗೈ ಮೇಲೆ ಇಟ್ಟೆ. ಮಳೇಲೇ ಲಾನ್ ದಾಟಿ ಹೋದ್ಲು, ಗೇಜಾ ಬಾಗಿಲು ತೆಗೆದ್ಲು, ಒಳಗೆ ಹೋದ್ಲು. ನಾನೇ ಕೊಟ್ಟದ್ದು ಕೀ. ನನ್ನ ಕೈಯಾರೆ. ಅಷ್ಟು ಮಳೇಲಿ ಬಂದೋಳ ಮೇಲೆ ಒಂದು ಹನಿ ನೀರಿರ್ಲಿಲ್ಲ ಅನ್ನೋದು ನನಗೆ ಹೊಳೆದದ್ದು ಸಾರು ಇಳಿಸಿದ ಮೇಲೆ...”

“ಅಜ್ಜಿ, ಈಸ್ ದಿಸ್ ಫಾರ್ ರಿಯಲ್?” ಎಂದಳು ಮೊಮ್ಮಗಳು ಅದಿತಿ. ಅವಳು ಅಮ್ಮನ ತೊಡೆಗೆ ಒರಗಿ ಕೂತಿದ್ದಳು. ಮಾಲವಿಕಾ ತನ್ನ ಬ್ಯಾಗಿನ ಕಡೆ ನೋಡಬಾರದೆಂದುಕೊಂಡೂ ನೋಡಿದಳು. ಪೇಂಟು ಆಗಿದ್ದರೆ ಬಟ್ಟೆಯಲ್ಲಿ ಒರೆಸಿದ ಕೂಡಲೇ ಹೋಗುತ್ತಿರಲಿಲ್ಲ ಎಂಬುದು ಅವಳಿಗೆ ಈಗ ಹೊಳೆಯಿತು.

“ಐದು ಗಂಟೆಗೆ ಮುದುಕ ಬಸ್ಸಿಳಿದು ಬಂದ. ನಿನ್ನ ನೆಂಟಳು ಬಂದಿದಾಳೆ ಅಂದೆ. ಈ ಊರಲ್ಲಿ ನನಗ್ಯಾವ ನೆಂಟ್ರು ಅಂದ. ಇಬ್ರೂ ಹೋದ್ವಿ. ಬಾಗಿಲು ಹಾಕಿತ್ತು, ಹಿಡಿಗೆ ಹಿಟ್ಟು ಮೆತ್ತಿತ್ತು. ಒಳಗೆ ಒಂದು ನರಪಿಳ್ಳೆ ಇಲ್ಲ. ನಾನು ಕೊಟ್ಟ ಕೀ ಅಡುಗೇಮನೆ ಮೇಜಿನ ಮೇಲಿತ್ತು. ಪಕ್ಕದಲ್ಲಿ ನೋಟ್‌ಬುಕ್ ತೆರೆದಿತ್ತು, ಜೂನ್ ಪುಟ... ಆ ಒಂದು ಪದದ ಬಾಲದ ಮೇಲೆ ಬೆರಳಿಟ್ಟು ಒತ್ತಿದ ಹಿಟ್ಟಿನ ಗುರುತು. ಮುದುಕ ನನ್ನ ಕಡೆ ತಿರುಗಿ, ಅವಳು ಏನಂದ್ಲು ಅಂತ ಕೇಳ್ದ. ಕೀ ಕೇಳಿದ್ಲು, ಕೊಟ್ಟೆ ಅಂದೆ. ಹೇಗೆ ಕೇಳಿದ್ಲು, ಅವಳ ಹಾಗೇ ಹೇಳು ಅಂದ. ಹೇಳ್ದೆ. ಕುರ್ಚಿ ಎಳ್ಕೊಂಡು ಕೂತ. ಆಮೇಲೆ ಹೇಳ್ದ... ‘ಶಕೂ, ನಮ್ಮ ಭಾಷೇಲಿ ಕೀ ಅಂದ್ರೆ ಬೀಗದ ಕೈ ಅಲ್ಲ. ಕೀ ಅಂದ್ರೆ, ಯಾರು.’”

ರಮಾಕಾಂತ್ ಯಾಕೋ ಎದ್ದು ಗರಾಜಿನ ಎರಡನೆಯ ದೀಪವನ್ನೂ ಹಾಕಿದ.

“ಆ ಸಾಯಂಕಾಲ ಎಲ್ಲ ಹೇಳ್ದ. ಆಗ ಅವನಿಗೆ ಹದಿನಾಲ್ಕು. ಶಾಲೆ ಹುಡುಗರನ್ನೆಲ್ಲ ಕವಾಯತಿಗೆ ಸೇರಿಸ್ಕೊಂಡಿದ್ರಂತೆ. ಜರ್ಮನ್ರು ದೇಶದೊಳಗೆ ಬಂದಿದ್ರು, ಹುಕುಂ ಅವರದೂ ಹೌದು, ಅದನ್ನ ಅಲ್ಲ ಅನ್ನಲ್ಲ. ಆದ್ರೆ ಬೀದಿಗೆ ಬಂದೋರು ಟೋಪಿಗೆ ಹುಂಜದ ಗರಿ ಸಿಕ್ಕಿಸಿದ ಅವರದೇ ಪೋಲೀಸ್ರು. ಬೀದಿ ಗೊತ್ತಿರೋ ಹುಡುಗ ಅಂತ ಇವನನ್ನ ಮುಂದೆ ಬಿಟ್ಕೊಂಡ್ರು. ಇವನ ಮನೆ ಎದುರಿಗೇ ಒಬ್ಬ ಯಹೂದಿ ಹೆಂಗಸು, ಬ್ರೆಡ್ ಸುಟ್ಟು ಮಾರೋಳು, ಇವನು ತೆವಳೋ ಕಾಲದಿಂದ ಇವನಿಗೆ ಬಿಸಿ ಬನ್ನು ಕೊಟ್ಟು ಬೆಳೆಸಿದೋಳು. ಅವತ್ತು ಬಾಗಿಲು ಹಾಕ್ಕೊಂಡು ಒಳಗಿದ್ಲು. ಪೋಲೀಸ್ರು ತಟ್ಟಿದ್ರು, ತೆಗೀಲಿಲ್ಲ. ನೀನು ತಟ್ಟೋ ಅಂದ್ರು. ಇವನು ತಟ್ಟಿದ. ಒಳಗಿಂದ ಕೇಳಿದ್ಲು... ಕೀ? ಯಾರು? ಇವನು ಹೇಳ್ದ, ನಾನು, ಗೇಜಾ. ಗೇಜಾ ತಾನೇ ಅಂತ ಬಾಗಿಲು ತೆಗೆದ್ಲು...

“ಕೈ ತೊಳ್ಕೊಳ್ಳೋಕೂ ಬಿಡ್ಲಿಲ್ಲವಂತೆ. ಹಿಟ್ಟಿನ ಕೈಯಲ್ಲೇ ನಡೆಸಿದ್ರು. ಮನೆಗೆ ಬೀಗ ಜಡಿದು, ಆಫೀಸಿಗೆ ಕೊಟ್ಟು ಬಾ ಅಂತ ಕೀ ಇವನ ಕೈಗೇ ಕೊಟ್ರು. ಮೂರು ತಿಂಗಳಿಗೆ ಅದೇ ಕೀ ಇವರಪ್ಪನ ಕೈಗೆ ಬಂತು, ಮನೆ ಹೇಗೂ ಖಾಲಿ ಇದೆಯಲ್ಲ ಅಂತ. ಅದೇ ಮನೆಯಿಂದ ಚಳಿಗಾಲದಲ್ಲಿ ರಷ್ಯದ ಸೈನಿಕರು ಇವರಪ್ಪನ್ನ ಕರ್ಕೊಂಡ್ಹೋದ್ರು, ಆತನೂ ತಿರುಗಿ ಬರ್ಲಿಲ್ಲ. ಅದೂ ನಿಜ ಕಣೇ ಮಾಲವಿಕಾ, ಪರ್ತ್‌ನೋರ ಸಂಕಟ ಸುಳ್ಳಲ್ಲ, ಅದನ್ನ ಒಂದಕ್ಷರ ತೆಗೀಬೇಡ. ಆದ್ರೆ ಒಂದು ಸಂಕಟ ಹೇಳ್ಕೊಳ್ಳೋಕೆ ಇನ್ನೊಂದಕ್ಕೆ ಮುಸುಕು ಹಾಕ್ಬೇಕಾ?

“ಅವತ್ತು ಮುದುಕ ಪೆನ್ನು ತಗೊಂಡು ಆ ಬಾಲ ತಿದ್ದಿದ. ಒಂದೇ ಅಕ್ಷರ. ‘ಕರ್ಕೊಂಡ್ಹೋದ್ರು’ ಅನ್ನೋದು ‘ಕರ್ಕೊಂಡ್ಹೋದ್ವಿ’ ಆಯ್ತು. ಎಪ್ಪತ್ತೆರಡು ವರ್ಷ ಹಿಡೀತು ಆ ಒಂದಕ್ಷರಕ್ಕೆ. ಇಂಗ್ಲಿಷಲ್ಲೂ ತಿದ್ದು ಶಕೂ ಅಂದ. ನಾಳೆ ತಿದ್ತೀನಿ ಅಂದೆ...

“ಆ ರಾತ್ರೀನೇ ಆಂಬುಲೆನ್ಸ್ ಬಂತು. ಮೂರು ದಿನ ಆಸ್ಪತ್ರೇಲಿದ್ದ. ನೋಡೋಕೆ ಹೋದಾಗ ಒಂದೇ ಮಾತು ಕೇಳ್ದ, ತಿದ್ದಿದ್ಯಾ ಅಂತ. ಹೂಂ ಅಂದೆ. ತಿದ್ದಿರ್ಲಿಲ್ಲ. ಸಾಯೋ ಮನುಷ್ಯನಿಗೆ ಸುಳ್ಳು ಹೇಳ್ದೆ ನಾನು. ಅವನ ಮೊಮ್ಮಗಳು ದೂರದೂರಿಂದ ಬಂದು ಫೈಲ್ ಕೇಳಿದಾಗ, ಒಳ್ಳೇ ಹುಡುಗಿ, ಅಳ್ತಿದ್ಲು, ತಾತನ ಬಗ್ಗೆ ಹೇಗೆ ಹೇಳೋದು... ‘ಲಾಯಿತು’ ಇದ್ದದ್ದನ್ನೇ ಕೊಟ್ಟೆ. ಅವನ ಮಾನ ಉಳಿಸ್ದೆ ಅಂತ ನನಗೆ ನಾನೇ ಸಮಾಧಾನ ಹೇಳ್ಕೊಂಡೆ. ಯಾವ ಮಾನ? ನನಗೆ ಧೈರ್ಯ ಇರ್ಲಿಲ್ಲ, ಅಷ್ಟೆ.

“ಮುಂದಿನ ಜೂನಲ್ಲಿ ಅವಳು ನನ್ನ ಬಾಗಿಲಿಗೇ ಬಂದ್ಲು. ಹಂಗೇರೀಲಿ ಜೂನ್ ಅಂದ್ರೆ ಬೇಸಿಗೆ ಅಲ್ವಾ, ಅದಕ್ಕೇ ಆ ತೆಳೂ ಫ್ರಾಕು. ಮಗಳ ಮನೇಲಿರೋಣ ಅಂತ ಬ್ರಿಸ್ಬೇನಿಗೆ ಹೋದೆ. ಅಲ್ಲಿನ ಎಯ್ಟ್ ಮೈಲ್ ಪ್ಲೇನ್ಸ್ ಬಡಾವಣೇಲಿ ಎರಡು ಜೂನ್, ಎರಡು ಸಲ ಬಂದ್ಲು. ಪರ್ತಿಗೆ ಹೋದೆ, ನನ್ನ ಅಣ್ಣನ ಮಗ ಕುಶಾಲ್ ಅಲ್ಲಿ ಗಣೀಲಿ ಜಿಯಾಲಜಿಸ್ಟು, ಅವನ ಮನೆಗೂ ಬಂದ್ಲು. ತಿರುಗಿ ಈ ಮನೆಗೆ ಬಂದೆ, ಇಲ್ಲಿಗೂ ಬಂದ್ಲು. ಮಳೆ ಬರೋ ಒಂದು ಮಧ್ಯಾಹ್ನ, ಮೂರು ಸಲ ತಟ್ಟೋದು, ‘ಕೀ?’ ಅನ್ನೋದು. ನಾನು ಬಾಗಿಲು ತೆಗೆಯಲ್ಲ. ಉಸಿರು ಹಿಡ್ಕೊಂಡು ಒಳಗೇ ಕೂತಿರ್ತೀನಿ. ಆಮೇಲೆ ಬಟ್ಟೆ ತಗೊಂಡು ಹಿಡಿ ಒರೆಸ್ತೀನಿ. ಕೇಳಿ ಇಂದುಮತೀನ.”

ಇಂದುಮತಿ ಕೈಯಲ್ಲಿದ್ದ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟಳು. ಹೌದು, ಜೂನ್ ಬಂದರೆ ಅತ್ತೆ ಮುಂಬಾಗಿಲ ಹಿಡಿಯನ್ನು ಯಾರಿಗೂ ಮುಟ್ಟಲು ಬಿಡುವುದಿಲ್ಲ, ತಾನು ಅದನ್ನು ಮಡಿಯ ಹುಚ್ಚು ಎಂದುಕೊಂಡಿದ್ದೆ ಎಂದಳು.

“ಈ ವರ್ಷ ಜೂನ್ ಮುಗೀತಾ ಬಂತು,” ಎಂದರು ಆಂಟಿ. “ನನ್ನ ಬಾಗಿಲಿಗೆ ಅವಳು ಬರ್ಲೇ ಇಲ್ಲ. ಅಬ್ಬ, ಬಿಟ್ಲು ಅಂದ್ಕೊಂಡಿದ್ದೆ, ಈ ಹುಡುಗಿ ಬ್ಯಾಗಿನ ಹಿಡಿ ನೋಡೋವರೆಗೆ. ಆ ವಾಕ್ಯ ಈಗ ನಿನ್ನ ಹೆಸರಲ್ಲಿ ಬರುತ್ತಲ್ಲೇ. ಪೇಂಟ್ ಅಂದ್ಯಲ್ಲ ಮಗಳೇ... ಮೂಸಿ ನೋಡು.”

ವರುಣ್ ಏನೋ ತಮಾಷೆ ಮಾಡಲು ಹೋಗಿ ಅರ್ಧಕ್ಕೆ ಬಿಟ್ಟ. ಮಾಲವಿಕಾ ಬ್ಯಾಗನ್ನು ಮೂಗಿಗೆ ಹಿಡಿದಳು. ಹುಳಿ ಬಂದ ಹಸಿ ಹಿಟ್ಟಿನ ವಾಸನೆ. ಗುರುವಾರ ಮಧ್ಯಾಹ್ನ ಅವಳು ಪರ್ತ್‌ನ ಹಿರಿಯರೊಂದಿಗೆ ಫೋನಿನಲ್ಲಿದ್ದಾಗ ಯಾರೋ ಬಾಗಿಲು ತಟ್ಟಿ ಕೀ ಕೇಳಿದ್ದರು. ಬೇರೆ ಯೂನಿಟ್ಟಿನವರು ಇರಬೇಕೆಂದು, ಇದಲ್ಲ, ಪಕ್ಕದ್ದು ನೋಡಿ ಎಂದು ಒಳಗಿನಿಂದಲೇ ಕೂಗಿದ್ದಳು. ಶುಕ್ರವಾರವೂ ಕೂಗಿದ್ದಳು.

ಅವಳು ಲ್ಯಾಪ್‌ಟಾಪನ್ನು ತೊಡೆಯ ಮೇಲೆಳೆದುಕೊಂಡಳು. ಈ ವಾಕ್ಯ ಬದಲಾದರೆ ಪರ್ತ್‌ನವರು ಸೋಮವಾರ ಮುದ್ರಣ ನಿಲ್ಲಿಸಬಹುದು, ಆರು ತಿಂಗಳ ಕೆಲಸವನ್ನು ಇನ್ನೊಬ್ಬರಿಗೆ ಕೊಡಬಹುದು, ಮುಖಪುಟದಿಂದ ಹೆಸರೂ ಹೋಗಬಹುದು. ಇದೆಲ್ಲ ಅವಳಿಗೆ ಗೊತ್ತಿತ್ತು. ಬ್ರಿಸ್ಬೇನಿನ ಅಜ್ಜಿ ಕೇಳಿದ್ದು ಒಂದೇ ನೇರ ವಾಕ್ಯ ಎಂಬುದೂ ಗೊತ್ತಿತ್ತು. ಪುಸ್ತಕವೆಲ್ಲ ಊರಿನವರು ‘ನಾವು’ ಎಂದು ಹೇಳಿಕೊಂಡಂತೆಯೇ ಇತ್ತು. ಸುಗ್ಗಿ ನಾವು ಮಾಡಿದೆವು, ಸೇತುವೆ ನಾವು ಕಟ್ಟಿದೆವು. ಅವಳು ಹಳೆಯದನ್ನು ಅಳಿಸಿ ಹೊಸದನ್ನು ಬರೆದು ಓದಿದಳು. ‘೧೯೪೪ರ ಜೂನ್ ತಿಂಗಳಲ್ಲಿ, ಜರ್ಮನ್ನರ ಆಜ್ಞೆಗೆ ಕೈಜೋಡಿಸಿ, ನಮ್ಮದೇ ಪೋಲೀಸರೂ ಅವರಿಗೆ ಮನೆ ತೋರಿಸಿದ ನಾವೂ ನಮ್ಮ ನೆರೆಯ ಯಹೂದಿ ಕುಟುಂಬಗಳನ್ನು ಅವರ ಮನೆಗಳಿಂದ ಕರೆದುಕೊಂಡು ಹೋದೆವು.’

ಆಂಟಿ ಕಣ್ಣುಮುಚ್ಚಿ ಕೇಳಿದರು. ಕೆನ್ನೆಯ ಮೇಲೆ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. ಇಷ್ಟು ವರ್ಷ ಅದು ಯಾಕೆ ಹಾಗಿರಲಿಲ್ಲ ಅನ್ನೋದನ್ನೂ ಕೆಳಗೆ ಬರಿ ಎಂದರು.

ಮಾಲವಿಕಾ ಆಂಟಿಯ ಮುಖ ನೋಡಿದಳು. ಮನೆತುಂಬ ಜನ, ಮಗ, ಸೊಸೆ, ಮೊಮ್ಮಗಳು. ಪಾಪ ಅನ್ನಿಸಿತು. ಪುಟದ ಅಡಿಯಲ್ಲಿ ಒಂದು ಟಿಪ್ಪಣಿ ಹಾಕಿ ಅದನ್ನೂ ಓದಿದಳು. ‘ಹಿಂದಿನ ಪ್ರತಿಯಲ್ಲಿ ಈ ಸಂಗತಿಯನ್ನು ಕೈಬಿಡಲಾಗಿತ್ತು.’

ರೋಲರ್ ಬಾಗಿಲಿನ ತಗಡು ಸದ್ದು ಮಾಡಿತು. ಒಂದು, ಎರಡು, ಮೂರು.

ಎಲ್ಲರೂ ಕೆಳಗೆ ನೋಡಿದರು. ಬಾಗಿಲಿನ ಅಡಿ, ಮಳೆ ನೀರು ಹರಿಯುತ್ತಿದ್ದ ಕಾಂಕ್ರೀಟಿನ ಮೇಲೆ, ಎರಡು ಕಾಲು. ಬಾರಿನ ಚಪ್ಪಲಿ. ಕಾಲೂ ಒಣಗಿತ್ತು, ಚಪ್ಪಲಿಯೂ ಒಣಗಿತ್ತು. ಈ ಸಲ ಯಾರೂ ಹೆಸರು ಹೇಳಲಿಲ್ಲ. ತಡವಾಗಿ ಬಂದ ಯಾರೋ ನೆಂಟರು ಎಂದು ತನಗೇ ಹೇಳಿಕೊಳ್ಳುವಂತೆ ಗೊಣಗಿ, ವರುಣ್ ಬಾಗಿಲು ಎತ್ತುವ ಗೋಡೆಯ ಮೇಲಿನ ಗುಂಡಿ ಒತ್ತಲು ಎದ್ದ. ಆಂಟಿ ಅವನ ಮುಂಗೈ ಹಿಡಿದು ಕೂರಿಸಿದರು. ಹೊರಗಿನಿಂದ ಒಬ್ಬ ಹೆಂಗಸಿನ ದನಿ, ತಾಳ್ಮೆಯಿಂದ, ಆ ಒಂದೇ ಮಾತನ್ನು ಕೇಳಿತು.

“ಬಾಗಿಲು ತೆಗೀಬೇಡ,” ಎಂದರು ಆಂಟಿ. “ಕೀ ಕೇಳ್ತಿಲ್ಲ ಅವಳು. ಕೈಬಿಡಲಾಗಿತ್ತು ಅಂದ್ಯಲ್ಲ ಮಾಲವಿಕಾ... ಕೈಬಿಟ್ಟೋರು ಯಾರು ಅಂತ ಕೇಳ್ತಿದಾಳೆ. ನನ್ನ ಹೆಸರು ಬರಿ.”